ಮಂಗನ ಕಾಯಿಲೆಯ ಜಾಗೃತಿಗೆ ಒಂದು ಕಿಲೋ ಅಡಿಕೆ

ಮಂಗನ ಕಾಯಿಲೆಯ ಬಗ್ಗೆ ಮಲೆನಾಡಿನ ಹಳ್ಳಿಗಳಲ್ಲಿ ತಿಳಿವಳಿಕೆ ಮೂಡಿಸುವ ಸಣ್ಣ ಟ್ರಸ್ಟ್ ಒಂದಕ್ಕೆ ದೇಣಿಗೆ ಕೂಡಿಸುವ ಹೊಣೆ ನನ್ನದು. ಬೆಳೆಗಾರರಿಂದ ಇಂತಿಷ್ಟು ಹಣವೆಂದು ಕೇಳದೆ ಒಂದು ಕಿಲೋ ಅಡಿಕೆ ಕೇಳೋಣವೆಂದಾಗ ಹಿರಿಯರು ಯಾರೂ ಒಪ್ಪಿರಲಿಲ್ಲ. ಈಗ ನಮ್ಮ ವರ್ಷದ ಖರ್ಚಿನ ಮುಕ್ಕಾಲು ಪಾಲು ಅದರಿಂದಲೇ ನಡೆಯುತ್ತಿದೆ.

ಅದಕ್ಕೆ ಮೊದಲು ಮಾಡಿದ್ದೆಲ್ಲ ಕೈ ಕಚ್ಚಿತ್ತು. ಟಿಕೆಟ್ ಇಟ್ಟು ಯಕ್ಷಗಾನ ಆಡಿಸಿದೆವು. ಮೇಳದ ಸಂಭಾವನೆ, ಶಾಮಿಯಾನ, ಊಟದ ಖರ್ಚು ಕಳೆದಾಗ ಹದಿನೈದು ಸಾವಿರದಷ್ಟು ನಮ್ಮ ಕೈಯಿಂದಲೇ ಹೋಗಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳು ಆನ್‌ಲೈನ್ ಮನವಿಗೆ ಧಾರಾಳವಾಗಿ ಕೊಟ್ಟರು; ಮರುವರ್ಷ ಸುದ್ದಿ ತಣ್ಣಗಾದೊಡನೆ ಹಣವೂ ನಿಂತಿತು. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿಯ ಆಸೆ ತೋರಿಸಿದ್ದೂ ಫಲಿಸಲಿಲ್ಲ, ಏಕೆಂದರೆ ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ತೋಟದವರಿಗೆ ಆ ರಸೀದಿಯಿಂದ ಆಗಬೇಕಾದದ್ದೇನೂ ಇಲ್ಲ.

ಅಡಿಕೆಯ ದಾರಿಯೂ ಮೊದಲ ಸುಗ್ಗಿಯಲ್ಲೇ ಕೈಹಿಡಿಯಲಿಲ್ಲ. ಚೀಲ ಹಿಡಿದು ಮನೆಮನೆಯಿಂದ ಅಡಿಕೆಯನ್ನೇ ಸಂಗ್ರಹಿಸಿದೆವು. ಒಬ್ಬೊಬ್ಬರದು ಒಂದೊಂದು ದರ್ಜೆಯಾಗಿ, ಕಡಿಮೆ ದರ್ಜೆಯ ಗೊರಬಲು ಅಡಿಕೆ ಬೆರೆತ ಮಾಲಿಗೆ ಮಂಡಿಯಲ್ಲಿ ಧಾರಣೆ ಬಿತ್ತು. ಮರುವರ್ಷದಿಂದ, ತಾನು ಅಡಿಕೆ ಮಾರಿದ ದಿನ ರಾಶಿ ಇಡಿ ಎಂಬ ದರ್ಜೆಯ ಒಂದು ಕಿಲೋ ಅಡಿಕೆಯ ಅಂದಿನ ಧಾರಣೆಯನ್ನು ತನ್ನ ಲೆಕ್ಕದಿಂದ ಟ್ರಸ್ಟಿನ ಖಾತೆಗೆ ಹಾಕುವಂತೆ ಬೆಳೆಗಾರನೇ ಮಂಡಿಗೆ ಪತ್ರ ಬರೆದುಕೊಡುವ ಕ್ರಮ ತಂದೆವು. ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತಿದ್ದವರು ಒಂದು ಕಿಲೋ ಅಡಿಕೆಗೆ ಮರುಮಾತಿಲ್ಲದೆ ಸಹಿ ಹಾಕುತ್ತಾರೆ. ಕಳೆದ ಸುಗ್ಗಿಯಲ್ಲಿ ನಾನೂರರ ಆಸುಪಾಸು ಮನೆಗಳಿಂದ, ಕಿಲೋಗೆ 450 ರೂಪಾಯಿಯ ಅಂದಾಜಿನಲ್ಲಿ, 1.8 ಲಕ್ಷದಷ್ಟು ಬಂತು. ಊರಿನಲ್ಲಿ ಮೊದಲ ಸಹಿ ಯಾರದಾಗಿರಬೇಕು ಎಂಬುದರಲ್ಲಿ ಅರ್ಧ ಕೆಲಸವಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೊಯ್ಲಿನ ಕಾಲಕ್ಕೇ ಕಾಯಿಲೆಯ ಕಾಲವೂ ಬರುವುದರಿಂದ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಓಡಾಟ ಸಾಕಾಗುತ್ತದೆ. ಆಟೋಗೆ ಮೈಕು ಕಟ್ಟಿ ಕೂಗಿಸಿ ನೋಡಿದ್ದೆವು, ಯಾರೂ ಕಿವಿಗೊಡಲಿಲ್ಲ. ರಾತ್ರಿ ಅಡಿಕೆ ಸುಲಿಯುವ ಅಂಗಳದಲ್ಲಿ ಹತ್ತಾರು ಜನ ಗಂಟೆಗಟ್ಟಲೆ ಕೂತಿರುತ್ತಾರೆ. ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಈ ಕಾಯಿಲೆ ಹರಡುವ, ಎಳ್ಳಿಗಿಂತ ಚಿಕ್ಕದಾದ ಮರಿ ಉಣುಗನ್ನು ಭೂತಗನ್ನಡಿಯೊಂದಿಗೆ ಕೈಗೆ ಕೊಟ್ಟರೆ, ಕಾಯಿಲೆ ಮಂಗನಿಂದಲೇ ನೇರವಾಗಿ ಬರುತ್ತದೆಂದು ನಂಬಿದ್ದವರೂ ಮೆಟ್ಟುಗತ್ತಿ ಬಿಟ್ಟು ಎದ್ದು ಬಂದು ನೋಡುತ್ತಾರೆ. ಹಳೆಯ ಲಸಿಕೆ 2022ರಲ್ಲಿ ನಿಂತ ಮೇಲೆ, ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚುವುದು, ಬಂದೊಡನೆ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯುವುದು, ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಇಷ್ಟೇ ನಮ್ಮ ಪಾಠ. ತೈಲವನ್ನು ಆರೋಗ್ಯ ಇಲಾಖೆಯೇ ಉಚಿತವಾಗಿ ಹಂಚುವುದರಿಂದ ನಮ್ಮ ಹಣವೆಲ್ಲ ಓಡಾಟಕ್ಕೆ ಮತ್ತು ಹೇಳುವ ಹುಡುಗಿಯರ ಸಂಬಳಕ್ಕೆ ಹೋಗುತ್ತದೆ. ಈ ಸಲ ಅಡಿಕೆ ಗೊನೆ ಇಳಿಸುವ ಮೊದಲೇ ಪತ್ರಗಳಿಗೆ ಸಹಿ ಹಾಕಿಸುತ್ತಿದ್ದೇವೆ. ಬೆಳೆ ಮಾರಿ ಸಾಲ ತೀರಿಸಿದ ಮೇಲೆ ಕೇಳಿದರೆ ಕೊಡುವ ಮನಸ್ಸಿದ್ದರೂ ಕೈಯಲ್ಲಿ ಉಳಿದಿರುವುದಿಲ್ಲ.