ಆರೋಗ್ಯ ಸಂಶೋಧನೆಗೆ ಸಾರ್ವಜನಿಕ ಅನುದಾನ: ನಾನು ಅರ್ಜಿ ಬರೆದ ರೀತಿ

ಬಿಪಿ ಗುಳಿಗೆಯನ್ನು ನಡುವೆ ಬಿಟ್ಟುಬಿಡುವವರು ತುಂಬಾ ಜನ ಇದ್ದಾರೆ. ನರ್ಸ್ ಒಬ್ಬರು ಆಗಾಗ ಫೋನ್ ಮಾಡಿ ವಿಚಾರಿಸಿಕೊಂಡರೆ ಅವರು ಗುಳಿಗೆ ಮುಂದುವರಿಸುತ್ತಾರಾ, ಬಿಪಿ ಹತೋಟಿಗೆ ಬರುತ್ತದಾ? ಇದು ನಮ್ಮ ತಂಡದ ಪ್ರಶ್ನೆ. ಇದಕ್ಕೆ ಸಾರ್ವಜನಿಕ ಅನುದಾನ ಕೇಳಿ ಅರ್ಜಿ ಹಾಕಿದೆವು, ಹಣ ಸಿಕ್ಕಿತು. ಈಗ ಅರ್ಜಿ ಬರೆಯಲು ಕೂತವರು ನನ್ನನ್ನು ಕೇಳುವುದೆಲ್ಲ ಫಾರಂ ತುಂಬುವ ಬಗ್ಗೆ. ಆದರೆ ಫಾರಂ ಬರುವುದು ಕೊನೆಗೆ. ಅದಕ್ಕೂ ಮುಂಚಿನ ಕೆಲಸದ ಬಗ್ಗೆಯೇ ಇಲ್ಲಿ ಜಾಸ್ತಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ನಾನು ಒಂದೇ ಒಂದು ವಾಕ್ಯ ಬರೆದೆ. ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಯಾರು, ತಮ್ಮ ಕೆಲಸದಲ್ಲಿ ಏನನ್ನು ಬದಲಾಯಿಸುತ್ತಾರೆ ಅನ್ನುವುದೇ ಆ ವಾಕ್ಯ. ಅನ್ವಯಿಕ ಸಂಶೋಧನೆಗೆ ಜನರ ಹಣ ಕೊಡುವುದೇ ಇದಕ್ಕಾಗಿ, ಅಲ್ವಾ? ನಮ್ಮಲ್ಲಿ ಆ 'ಯಾರು' ಅಂದರೆ ಕ್ಲಿನಿಕ್‌ಗಳ ಆಡಳಿತ ನೋಡಿಕೊಳ್ಳುವ ಅಧಿಕಾರಿ. ನರ್ಸ್‌ಗಳ ಸಮಯ ಅವರ ಕೈಯಲ್ಲಿದೆ. ಹಾಗಾಗಿ ಅವರ ಹತ್ತಿರವೇ ಹೋಗಿ ಕೇಳಿದೆ: ಎಷ್ಟು ಪ್ರಯೋಜನ ಕಂಡರೆ ನೀವು ಇದನ್ನು ಎಲ್ಲ ಕಡೆ ಶುರು ಮಾಡುತ್ತೀರಿ? ಸ್ವಲ್ಪ ಯೋಚನೆ ಮಾಡಿ ಹೇಳಿದರು: "ನೂರು ಜನರಲ್ಲಿ ಇನ್ನೂ ಹತ್ತು ಜನಕ್ಕಾದ್ರೂ ಬಿಪಿ ಹತೋಟಿಗೆ ಬರಬೇಕು. ಅದಕ್ಕಿಂತ ಕಡಿಮೆಯಾದ್ರೆ ನರ್ಸ್‌ಗಳಿಗೆ ಬೇರೆ ಕೆಲಸ ಇದೆ." ಈ ಒಂದು ಮಾತಿನ ಮೇಲೆ ನಮ್ಮ ಅರ್ಧ ಅರ್ಜಿ ನಿಂತಿತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಈಗಾಗಲೇ ಏನು ಗೊತ್ತಿದೆ ಅಂತ ಹುಡುಕುವ ಕೆಲಸವನ್ನು ಯಾರೂ ತಪ್ಪಿಸಿಕೊಳ್ಳಬಾರದು. 2009ರಲ್ಲಿ ಇಯಾನ್ ಚಾಮರ್ಸ್ ಮತ್ತು ಪಾಲ್ ಗ್ಲಾಸ್ಜಿಯೊ ಅನ್ನುವ ಸಂಶೋಧಕರು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವೈದ್ಯಕೀಯ ಸಂಶೋಧನೆಗೆ ಹಾಕುವ ಹಣದಲ್ಲಿ ಸುಮಾರು 85% ಪೋಲಾಗುತ್ತಿದೆ ಅನ್ನುವುದು ಅವರ ಅಂದಾಜು. ರೋಗಿಗಳಿಗೆ ಬೇಡವಾದ ಪ್ರಶ್ನೆ, ಹಳೆಯ ಅಧ್ಯಯನಗಳನ್ನು ನೋಡದೆ ಶುರು ಮಾಡಿದ ಕೆಲಸ, ಪ್ರಕಟವೇ ಆಗದ ಫಲಿತಾಂಶ, ಅರ್ಧಂಬರ್ಧ ವರದಿ ಇವೆಲ್ಲ ಕಾರಣಗಳು. ಅರ್ಜಿ ಓದಿ ತೂಗುವ ಪರಿಶೀಲಕರ ತಲೆಯಲ್ಲಿ ಈ ಯೋಚನೆ ಇದ್ದೇ ಇರುತ್ತದೆ. ಕಾಕ್ರೇನ್ ವಿಮರ್ಶೆಗಳನ್ನು (ಒಂದು ಪ್ರಶ್ನೆಯ ಮೇಲೆ ಆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ವರದಿಗಳು), ನಡೆಯುತ್ತಿರುವ ಟ್ರಯಲ್‌ಗಳ ನೋಂದಣಿ ಪಟ್ಟಿಗಳನ್ನು ನೋಡಿ, ನಮ್ಮ ಅಧ್ಯಯನ ಯಾವ ಖಾಲಿ ಜಾಗ ತುಂಬುತ್ತದೆ ಅಂತ ಒಂದು ಪ್ಯಾರಾದಲ್ಲಿ ಬರೆದೆವು. ಅಷ್ಟು ಸಾಕು.

ಇನ್ನು ರೋಗಿಗಳ ವಿಷಯ. ಫಾರಂನಲ್ಲಿ 'ರೋಗಿಗಳು ಮತ್ತು ಸಾರ್ವಜನಿಕರ ಪಾಲ್ಗೊಳ್ಳುವಿಕೆ' ಅಂತ ಒಂದು ಭಾಗ ಇರುತ್ತದೆ. ಕೆಲವರು ಕೊನೆಯ ವಾರ ಅಲ್ಲಿ ಸುಮ್ನೆ ನಾಲ್ಕು ಸಾಲು ಗೀಚುತ್ತಾರೆ. ನನಗೆ ಅದು ನೋವು ತರುವ ವಿಷಯ. ನಾವು ಬಿಪಿ ಇರುವ ಕೆಲವರನ್ನು ಶುರುವಿನಲ್ಲೇ ಕರೆದು ಕೂರಿಸಿಕೊಂಡೆವು. ನರ್ಸ್ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳ ಕರಡು ಓದಿ ಹೇಳಿದೆವು. ಮೊದಲ ಪ್ರಶ್ನೆ, "ಈ ವಾರ ಗುಳಿಗೆ ತಪ್ಪದೇ ತಗೊಂಡ್ರಾ?" ವಯಸ್ಸಾದ ಒಬ್ಬ ತಾಯಿ ಅಲ್ಲೇ ತಡೆದರು. "ಹಾಗೆ ಕೇಳಿದ್ರೆ ನಾನು ಹೂಂ ಅಂತೀನಮ್ಮ. ತಲೆ ಸುತ್ತುತ್ತೆ ಅಂತ ಬಿಟ್ಟಿದೀನಿ, ಅದನ್ನ ಮಾತ್ರ ಯಾರೂ ಕೇಳಲ್ಲ" ಅಂದರು. ಪಕ್ಕದಲ್ಲಿದ್ದವರು ಏನೂ ತೊಂದರೆ ಇಲ್ಲದಿದ್ದಾಗ ಗುಳಿಗೆ ಯಾಕೆ ಅನ್ನಿಸುತ್ತದೆ ಅಂತ ಸೇರಿಸಿದರು. ಬಿಪಿ ಜಾಸ್ತಿ ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ, ನಿಜ.

ಅವತ್ತೇ ಮೊದಲ ಪ್ರಶ್ನೆ "ಗುಳಿಗೆ ನಿಮಗೆ ಹೇಗೆ ಒಗ್ಗಿದೆ?" ಅಂತ ಆಯಿತು. ತಲೆಸುತ್ತು, ಬೀಳುವುದು ಎರಡನ್ನೂ ನಾವು ಅಳೆಯುವ ಫಲಿತಾಂಶಗಳ ಪಟ್ಟಿಗೆ ಸೇರಿಸಿದೆವು. ತಲೆಸುತ್ತು ಅಂತ ಹೇಳಿದವರನ್ನು ನರ್ಸ್ ಯಾವ ಡಾಕ್ಟರ ಹತ್ತಿರ, ಎಷ್ಟು ಬೇಗ ಕಳಿಸಬೇಕು ಅಂತಲೂ ಬರೆದೆವು. ಅರ್ಜಿಯಲ್ಲಿ ಆ ಭಾಗಕ್ಕೆ ನಾನು ಬರೆದದ್ದು ಇದನ್ನೇ: ಅವರು ಏನು ಹೇಳಿದರು, ಅದರಿಂದ ಏನು ಬದಲಾಯಿತು. ಬಂದವರ ಸಮಯಕ್ಕೂ ಓಡಾಟಕ್ಕೂ ಬಜೆಟ್‌ನಲ್ಲಿ ಹಣ ಇಟ್ಟೆವು.

ಈಗ ಲೆಕ್ಕ. ಅಧಿಕಾರಿಯ 'ಇನ್ನೂ ಹತ್ತು ಜನ' ಅನ್ನುವ ಮಾತನ್ನು ಅಂಕಿಅಂಶ ತಜ್ಞರ ಮುಂದಿಟ್ಟೆ. ಈಗ 50% ಜನಕ್ಕೆ ಬಿಪಿ ಹತೋಟಿಯಲ್ಲಿದೆ, ಅದು 60%ಕ್ಕೆ ಏರಬೇಕು ಅಂತ ಇಟ್ಟುಕೊಳ್ಳಿ. ಆ ವ್ಯತ್ಯಾಸವನ್ನು 80% ಪವರ್‌ನಲ್ಲಿ, 5% ಮಟ್ಟದಲ್ಲಿ ಹಿಡಿಯಲು (ಅಂದರೆ ವ್ಯತ್ಯಾಸ ನಿಜವಾಗಿ ಇದ್ದರೆ ಅದು ಕಾಣುವ ಸಾಧ್ಯತೆ 80%, ಇಲ್ಲದಿದ್ದರೂ ಇದೆ ಅಂತ ಕಾಣುವ ಸಾಧ್ಯತೆ 5%) ಫೋನ್ ಬರುವ ಗುಂಪು, ಬಾರದ ಗುಂಪು ಎರಡಕ್ಕೂ ತಲಾ 388 ಜನ ಬೇಕು. ಆದರೆ ನಾವು ಒಬ್ಬೊಬ್ಬರನ್ನೇ ಬೇರೆ ಬೇರೆ ಗುಂಪಿಗೆ ಹಾಕುವ ಹಾಗಿರಲಿಲ್ಲ. ಒಂದೇ ನರ್ಸ್ ಕೆಲವರಿಗೆ ಫೋನ್ ಮಾಡಿ ಕೆಲವರಿಗೆ ಮಾಡದೆ ಇರುವುದು ಕಷ್ಟ. ಅದಕ್ಕೆ ಇಡೀ ಕ್ಲಿನಿಕ್ಕನ್ನೇ ಒಂದು ಗುಂಪಿಗೆ ಹಾಕಬೇಕು. ಹಾಗೆ ಮಾಡಿದಾಗ ಒಂದೇ ಕ್ಲಿನಿಕ್ಕಿನವರು ಒಬ್ಬರನ್ನೊಬ್ಬರು ಸ್ವಲ್ಪ ಹೋಲುತ್ತಾರೆ, ಹಾಗಾಗಿ ಜನ ಜಾಸ್ತಿ ಬೇಕು. ಆ ಹೋಲಿಕೆಯ ಅಳತೆ 0.05, ಪ್ರತಿ ಕ್ಲಿನಿಕ್ಕಿಗೆ 25 ಜನ ಅಂದರೆ ಸಂಖ್ಯೆಯನ್ನು 2.2ರಿಂದ (1 + 24 × 0.05) ಗುಣಿಸಬೇಕು. ಗುಂಪಿಗೆ 854 ಜನ, ಅಂದರೆ 35 ಕ್ಲಿನಿಕ್. ಎರಡೂ ಗುಂಪು ಸೇರಿ 70.

ಕ್ಲಿನಿಕ್ ಕಡಿಮೆ ಮಾಡಿ ಒಂದೊಂದರಲ್ಲೂ 50 ಜನರನ್ನು ತೆಗೆದುಕೊಂಡರೆ? ಲೆಕ್ಕ ಹಾಕಿ ನೋಡಿದೆವು. ಆಗ ಗುಣಿಸಬೇಕಾದ್ದು 3.45. ಕ್ಲಿನಿಕ್ 70ರಿಂದ 54ಕ್ಕೆ ಮಾತ್ರ ಇಳಿಯುತ್ತದೆ, ಜನ ಮಾತ್ರ 1,750ರಿಂದ 2,700ಕ್ಕೆ ಏರುತ್ತಾರೆ. ಹಣ ಕೊಡುವವರಿಗೆ ಈ ಎರಡು ಲೆಕ್ಕಗಳನ್ನೇ ಪಕ್ಕಪಕ್ಕ ಇಟ್ಟು ಎರಡು ಸಾಲಿನಲ್ಲಿ ತೋರಿಸಿದೆವು. ನಡುವೆ ಬಿಟ್ಟುಹೋಗುವವರು 15% ಅಂದುಕೊಂಡರೆ 25ನ್ನು 0.85ರಿಂದ ಭಾಗಿಸಬೇಕು, ಆಗ ಪ್ರತಿ ಕ್ಲಿನಿಕ್ಕಿಗೆ 30 ಜನರನ್ನು ಸೇರಿಸಿಕೊಳ್ಳಬೇಕು ಅಂತ ಬರುತ್ತದೆ. ಇಲ್ಲಿ ಒಂದು ಮಾತು: ಅಂಕಿಅಂಶ ತಜ್ಞರನ್ನು ಅರ್ಜಿಯಲ್ಲಿ ಸಹ-ಅರ್ಜಿದಾರರಾಗಿಯೇ ಸೇರಿಸಿಕೊಳ್ಳಿ. ಕೊನೆಗೆ ಹೋಗಿ ಒಂದು ಸಂಖ್ಯೆ ಕೇಳಿಕೊಂಡು ಬರುವುದು ಅವರಿಗೂ ಅನ್ಯಾಯ, ಅಧ್ಯಯನಕ್ಕೂ ಅನ್ಯಾಯ.

ಫೋನ್ ಮಾಡುವ ಕೆಲಸದ ವಿವರವನ್ನು ಟೈಡಿಯರ್ (TIDieR) ಪಟ್ಟಿಯ ಪ್ರಕಾರ ಬರೆದೆವು; ಚಿಕಿತ್ಸೆಯನ್ನು ವಿವರಿಸುವಾಗ ಏನೇನು ಬರೆಯಬೇಕು ಅಂತ ಹೇಳುವ ಪಟ್ಟಿ ಅದು. 2014ರಲ್ಲಿ ಬಂದ ಈ ಪಟ್ಟಿಯಲ್ಲಿ 12 ಅಂಶಗಳಿವೆ: ಯಾರು ಮಾಡುತ್ತಾರೆ, ಏನು, ಹೇಗೆ, ಎಲ್ಲಿ, ಎಷ್ಟು ಸಲ, ಹೀಗೆ. ಬೇರೆ ಊರಿನ ನರ್ಸ್ ಓದಿ ಅದೇ ಕೆಲಸ ಮಾಡಲು ಆಗುವಷ್ಟು ವಿವರ ಇರಬೇಕು.

ಬಜೆಟ್‌ನಲ್ಲಿ ನಾನು ಹಟ ಹಿಡಿದದ್ದು ಒಂದಕ್ಕೆ. ಸಂಶೋಧನೆಯ ಖರ್ಚು ಬೇರೆ, ಚಿಕಿತ್ಸೆಯ ಖರ್ಚು ಬೇರೆ ಅಂತ ತೋರಿಸಬೇಕು. ಅಧ್ಯಯನ ಮುಗಿದ ಮೇಲೂ ಫೋನ್ ಮಾಡುವುದು ಮುಂದುವರಿದರೆ ಆ ನರ್ಸ್ ಸಮಯಕ್ಕೆ ದುಡ್ಡು ಎಲ್ಲಿಂದ ಅಂತ ಅನುದಾನ ಕೊಡುವ ಸಮಿತಿ ಕೇಳಿಯೇ ಕೇಳುತ್ತದೆ. ಸಂಬಳಗಳನ್ನು ತಿಂಗಳ ಲೆಕ್ಕದಲ್ಲಿ ಹಾಕಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ನೇಮಕಾತಿ, ತರಬೇತಿಗೆ ಬೇಕಾದ ತಿಂಗಳುಗಳನ್ನು ಮೊದಲ ರೋಗಿಗಿಂತ ಮುಂಚೆ ಇಡಿ. ಕಡಿಮೆ ಕೇಳಿದರೆ ಕೊಡುತ್ತಾರೆ ಅನ್ನುವುದು ಸುಳ್ಳು. ಕೆಲಸ ಮುಗಿಯದಷ್ಟು ಕಡಿಮೆ ಕೇಳಿದವರ ಮೇಲೆ ಅವರಿಗೆ ನಂಬಿಕೆ ಬರುವುದಿಲ್ಲ.

ಸಾಮಾನ್ಯರಿಗಾಗಿ ಬರೆಯುವ ಸಾರಾಂಶವನ್ನು ನಾನು ಎಲ್ಲಕ್ಕಿಂತ ಜಾಸ್ತಿ ಸಲ ತಿದ್ದಿದೆ. ಸಮಿತಿಯಲ್ಲಿ ಎಲ್ಲರೂ ನಮ್ಮ ವಿಷಯದವರಲ್ಲ, ಕೆಲವೆಡೆ ರೋಗಿಗಳೂ ಇರುತ್ತಾರೆ. ಎಷ್ಟೋ ಜನ ಮೊದಲು ಓದುವುದು ಅದನ್ನೇ. ನಮ್ಮ ಗುಂಪಿನ ಆ ತಾಯಿಗೆ ಓದಿ ಹೇಳಿ, ಅವರು ತಿರುಗಿ ತಮ್ಮ ಮಾತಿನಲ್ಲಿ ಹೇಳುವ ತನಕ ತಿದ್ದಿದೆ.

ಪರಿಶೀಲಕರ ಟಿಪ್ಪಣಿಗಳು ಬಂದಾಗ ಒಂದೊಂದಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆದೆವು. ಒಪ್ಪಿದ್ದನ್ನು ಬದಲಾಯಿಸಿ ಎಲ್ಲಿ ಅಂತ ತೋರಿಸಿದೆವು, ಒಪ್ಪದ್ದಕ್ಕೆ ಕಾರಣ ಕೊಟ್ಟೆವು. ಸಂದರ್ಶನದಲ್ಲಿ ಕೇಳಿದ ಒಂದು ಪ್ರಶ್ನೆ ಚೆನ್ನಾಗಿತ್ತು: ಫೋನ್‌ನಿಂದ ಏನೂ ಪ್ರಯೋಜನ ಇಲ್ಲ ಅಂತ ಗೊತ್ತಾದರೆ? ಆಗ ನರ್ಸ್‌ಗಳ ಸಮಯವನ್ನು ಕ್ಲಿನಿಕ್ಕಿನ ಬೇರೆ ಕೆಲಸಕ್ಕೆ ಬಿಡುತ್ತೇವೆ ಅಂತ ಅಧಿಕಾರಿ ಪತ್ರದಲ್ಲೇ ಬರೆದುಕೊಟ್ಟಿದ್ದರು. ಅದನ್ನು ಓದಿದೆ.

ಮಂಜೂರಾದ ಪತ್ರ ಬಂದ ಮೇಲೆ ಮೊದಲು ಮಾಡಿದ ಕೆಲಸ ಟ್ರಯಲ್ ನೋಂದಣಿ, ಅಂದರೆ ಅಧ್ಯಯನದ ಯೋಜನೆಯನ್ನು ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ದಾಖಲಿಸುವುದು. 2005ರಿಂದ ದೊಡ್ಡ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ ಇದನ್ನು ಕಡ್ಡಾಯ ಮಾಡಿದೆ. ಮೊದಲ ವ್ಯಕ್ತಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು, ಆಮೇಲೆ ಮಾಡಿದರೆ ಲೆಕ್ಕಕ್ಕಿಲ್ಲ.