ಸೇತುವೆಯ ಕೆಳಗಿನ ಹದಿನಾರು ಮನೆಗಳು

ಪಿಯುಸಿ ಓದುತ್ತಿದ್ದಾಗ ಕಾರವಾರದಲ್ಲಿ ನಾವು ನಾಲ್ವರು ಸೇರಿ ಕಟ್ಟಿದ ಹಿಪ್‌ಹಾಪ್ ತಂಡ ಒಂದೂವರೆ ವರ್ಷವನ್ನೂ ಪೂರೈಸಲಿಲ್ಲ. ಏಳು ಹಾಡುಗಳನ್ನು ಧ್ವನಿಮುದ್ರಿಸಿಕೊಂಡೆವು, ಮೂರು ಬಾರಿ ವೇದಿಕೆ ಏರಿದೆವು. ಹಾಡುಗಳು ಬ್ಲೂಟೂತ್ ಮೂಲಕ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ದಾಟುತ್ತ ಕೋಡಿಬಾಗದಿಂದ ಬೈತಖೋಲದವರೆಗೆ ಹೋದವೇ ಹೊರತು ಅದರಾಚೆ ಹೋಗಲಿಲ್ಲ. ಆದರೂ ಅಂದು ಕಲಿತ ಒಂದು ಲೆಕ್ಕವನ್ನೇ ನಾನು ಇಂದಿಗೂ ವೃತ್ತಿಯಲ್ಲಿ ಬಳಸುತ್ತಿರುವುದರಿಂದ, ಆ ಲೆಕ್ಕ ನಮಗೆ ಸಿಕ್ಕಿದ ಬಗೆಯನ್ನು ಬರೆದಿಡಬೇಕೆನಿಸಿದೆ.

ನಾನು ಸಾಹಿತ್ಯ ಬರೆದು ಹೇಳುತ್ತಿದ್ದೆ. ಅಂಕೋಲಾ ಕಡೆಯಿಂದ ಓದಲು ಬಂದಿದ್ದ ಹಾಲಕ್ಕಿ ಸಮುದಾಯದ ಹುಡುಗನೊಬ್ಬ ಗುಮಟೆ ಬಾರಿಸುತ್ತಿದ್ದ. ಸಹಪಾಠಿಯೊಬ್ಬಳು ಮನೆಯ ಕಂಪ್ಯೂಟರಿನಲ್ಲಿ ಬೀಟ್ ಕೂಡಿಸುತ್ತಿದ್ದಳು. ಮೀನುಗಾರ ಕುಟುಂಬದ ನಾಲ್ಕನೆಯವನು ಟ್ಯಾಗೋರ್ ಕಡಲತೀರದ ಒದ್ದೆ ಮರಳಿನ ಮೇಲೆ ಹಿಪ್‌ಹಾಪಿನ ನೃತ್ಯವಾದ ಬ್ರೇಕಿಂಗ್ ಅಭ್ಯಾಸ ಮಾಡುತ್ತಿದ್ದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ ಪಾರ್ಟಿಯಲ್ಲಿ ಕೂಲ್ ಹರ್ಕ್ ಎಂಬ ಡಿಜೆ, ಹಾಡಿನಲ್ಲಿ ತಾಳವಾದ್ಯವಷ್ಟೇ ಉಳಿಯುವ ಚಿಕ್ಕ ಭಾಗವನ್ನು ಎರಡು ಗ್ರಾಮಫೋನ್ ತಟ್ಟೆಗಳ ನೆರವಿನಿಂದ ಮತ್ತೆ ಮತ್ತೆ ನುಡಿಸಿ ಹಿಗ್ಗಿಸಿದ ಕಥೆಯನ್ನು ಓದಿದ ದಿನವೇ ಅವಳು, ನಮ್ಮಲ್ಲಿ ಹಾಗೆ ಹಿಗ್ಗಿಸಬೇಕಾದದ್ದು ಗುಮಟೆಯ ನುಡಿತ ಎಂದು ತೀರ್ಮಾನಿಸಿಬಿಟ್ಟಳು. ಈ ತೀರ್ಮಾನ ಅವಳದು, ನನ್ನದಲ್ಲ. ನಾನು ಆಗ ಹಿಂದಿ ರ‍್ಯಾಪಿನ ಗುಂಗಿನಲ್ಲಿದ್ದೆ.

ಗುಮಟೆ ಎಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಚಿಕ್ಕ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದಂತೆ ನಾದ ಏರಿಳಿಯುತ್ತದೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. ಉಡ ಸಂರಕ್ಷಿತ ಪ್ರಾಣಿಯಾದುದರಿಂದ ನಮ್ಮ ಗುಮಟೆಗೆ ಆಡಿನ ಚರ್ಮವಿತ್ತು, ಮಳೆಗಾಲದಲ್ಲಿ ಅದು ಸಡಿಲವಾಗುತ್ತಿದ್ದುದರಿಂದ ಪ್ರತಿ ಬಾರಿಯೂ ಬೆಂಕಿಗೆ ಹಿಡಿದು ಕಾಯಿಸಿಯೇ ಬಾರಿಸಬೇಕಾಗುತ್ತಿತ್ತು. ಮನೆಯೊಳಗೆ ಅದರ ಸದ್ದನ್ನು ಯಾರೂ ಸಹಿಸದ ಕಾರಣ ಕೋಡಿಬಾಗದಲ್ಲಿ ಕಾಳಿ ನದಿಯ ಸೇತುವೆಯ ಕೆಳಗೆ ಹೋಗಿ, ಭಜನೆ ಮುದ್ರಿಸಿಕೊಳ್ಳುತ್ತಿದ್ದ ಬಂಧುವೊಬ್ಬರ ಚಿಕ್ಕ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡೆವು. ನಂತರ ಅದರಿಂದ ನಾಲ್ಕು ಆವರ್ತದ ತುಣುಕನ್ನು ಕತ್ತರಿಸಿ ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶದಲ್ಲಿ ಮತ್ತೆ ಮತ್ತೆ ನುಡಿಯುವಂತೆ ಲೂಪ್ ಮಾಡಿದೆವು. ನಮ್ಮಲ್ಲಿದ್ದದ್ದು ಹಣ ಕೊಡದೆ ಬಳಸುವ ಪರೀಕ್ಷಾ ಆವೃತ್ತಿ. ಉಳಿಸಿಟ್ಟ ಕಡತವನ್ನು ಅದರಲ್ಲಿ ಮತ್ತೆ ತೆರೆಯಲು ಬರುವುದಿಲ್ಲ. ಹೀಗಾಗಿ ಕರೆಂಟು ಹೋಗುವುದರೊಳಗೆ, ಕುಳಿತ ಒಂದೇ ಪಟ್ಟಿನಲ್ಲಿ ಬೀಟನ್ನು ಮುಗಿಸಿ ಹೊರತೆಗೆಯಬೇಕಿತ್ತು.

ತೊಡಕು ಎದುರಾದದ್ದು ಮಾತಿನಲ್ಲಿ. ನಿಮಿಷಕ್ಕೆ ತೊಂಬತ್ತು ಪೆಟ್ಟಿನ ಬೀಟಿನಲ್ಲಿ ನಾಲ್ಕು ಪೆಟ್ಟಿಗೆ ಒಂದು ಆವರ್ತ, ಪ್ರತಿ ಪೆಟ್ಟನ್ನೂ ನಾಲ್ಕಾಗಿ ಒಡೆದರೆ ಆವರ್ತಕ್ಕೆ ಹದಿನಾರು ಜಾಗಗಳು. ಅವನ್ನು ನಾವು ಚೌಕಾಬಾರದ ರೂಢಿಯಂತೆ ಮನೆಗಳೆಂದು ಕರೆಯುತ್ತಿದ್ದೆವು. ಕೇಳಿದ ಹಾಡುಗಳನ್ನು ಅನುಕರಿಸುತ್ತ ನಾನು ಮನೆಗೊಂದು ಅಕ್ಷರ ಕೂರಿಸುತ್ತಿದ್ದೆ. ಕನ್ನಡದಲ್ಲಿ ಅಕ್ಷರದ ಉದ್ದವೇ ಅರ್ಥವನ್ನು ನಿರ್ಧರಿಸುವುದರಿಂದ, ವೇಗದಲ್ಲಿ ದೀರ್ಘಗಳೆಲ್ಲ ಹ್ರಸ್ವಗಳಾಗಿ, ನಾನು ಅಭಿಮಾನದಿಂದ ಹೇಳಿದ ‘ನಾಡು’ ಕೇಳುವವರ ಕಿವಿಗೆ ‘ನಡು’ ಆಗುತ್ತಿತ್ತು. ಮೊದಲ ಎರಡು ಹಾಡುಗಳು ಹೀಗೆಯೇ ಕೆಟ್ಟವು.

ದಾರಿ ತೋರಿದವನು ಗುಮಟೆಯವನು. ತರಗತಿಯಲ್ಲಿ ಕುಮಾರವ್ಯಾಸನ ಪದ್ಯಕ್ಕೆ ಪ್ರಸ್ತಾರ ಹಾಕುತ್ತಿದ್ದಾಗ, ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆ ಕೊಟ್ಟು ನೋಡೋಣ ಎಂದು ಪುಸ್ತಕದ ಅಂಚಿನಲ್ಲಿ ಬರೆದು ನನ್ನತ್ತ ತಳ್ಳಿದ. ಭಾಮಿನಿ ಷಟ್ಪದಿಯ ಸಣ್ಣ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಹದಿನಾರು ಮನೆಗಳಲ್ಲಿ ಅದನ್ನಿಟ್ಟರೆ ಉಸಿರಿಗೆ ಎರಡು ಮನೆ ಉಳಿಯುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳಿಗೆ ಇಪ್ಪತ್ತಮೂರು ಮಾತ್ರೆ. ಅವಕ್ಕೆ ಎರಡೆರಡು ಆವರ್ತ ಕೊಟ್ಟರೆ ಒಂಬತ್ತು ಮನೆಗಳು ಖಾಲಿ ಉಳಿದು ಅಲ್ಲಿ ಗುಮಟೆ ಮಾತನಾಡಬಹುದು. ಒಂದು ಪದ್ಯಕ್ಕೆ ಸರಿಯಾಗಿ ಎಂಟು ಆವರ್ತ, ಎರಡು ಪದ್ಯಕ್ಕೆ ಹದಿನಾರು. ರ‍್ಯಾಪಿನಲ್ಲಿ ಒಂದು ಚರಣಕ್ಕೆ ರೂಢಿಯಲ್ಲಿರುವ ಅಳತೆಯೂ ಅದೇ. ಆ ಸಂಜೆ ಸೇತುವೆಯ ಕೆಳಗೆ ಕುಳಿತು ಬರೆದ ಎರಡು ಸಾಲು ನನಗೆ ಇನ್ನೂ ನೆನಪಿವೆ:

ಕಾಳಿ ಕಡಲನು ಸೇರುವೆಡೆಯಲಿ
ಗಾಳಿ ಕಲಿಸಿದ ಮಾತನಾಡುವೆ

ಬೀಟು ನಾಲ್ಕು ನಾಲ್ಕಾಗಿ ನಡೆಯುವಾಗ ಮಾತು ಮೂರು ನಾಲ್ಕಾಗಿ ನಡೆಯುವುದರಿಂದ ಎರಡೂ ಒಮ್ಮೆ ಅಗಲಿ ಮತ್ತೊಮ್ಮೆ ಸೇರುತ್ತವೆ. ಆ ಎಳೆದಾಟಕ್ಕಾಗಿ ನಾವು ಬೇರೇನನ್ನೂ ಮಾಡಬೇಕಾಗಲಿಲ್ಲ.

ಪ್ರಾಸದ ವಿಷಯದಲ್ಲಿಯೂ ನಾವು ಹೀಗೆ ಹಿಂದಿರುಗಿ ನೋಡಿದೆವು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅಂತ್ಯಪ್ರಾಸ ತೀರಾ ಸುಲಭವಾಗಿ ಸಿಕ್ಕಿಬಿಡುತ್ತದೆ. ‘ಬರುತಿದೆ, ಇರುತಿದೆ’ ಎಂದು ನೂರು ಸಾಲು ಬರೆದರೂ ಒಂದೂ ನಾಟುವುದಿಲ್ಲ. ಆದ್ದರಿಂದ ಕ್ರಿಯಾಪದದ ಪ್ರತ್ಯಯದಲ್ಲಿ ಪ್ರಾಸ ಕೂಡಿಸಬಾರದೆಂದು ನಿಯಮ ಮಾಡಿಕೊಂಡು ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವ ದ್ವಿತೀಯಾಕ್ಷರ ಪ್ರಾಸವನ್ನು ಹಿಡಿದೆವು. ಮೊದಲ ಅಕ್ಷರ ದೊಡ್ಡ ಪೆಟ್ಟಿನ ಮೇಲೆ ಬಿದ್ದ ಕೂಡಲೇ ಪ್ರಾಸಾಕ್ಷರ ಬರುತ್ತದೆ, ಕೇಳುಗನಿಗೆ ಸಾಲಿನ ಆರಂಭದಲ್ಲಿಯೇ ಕಿವಿ ನಿಮಿರುತ್ತದೆ. ಕಾರವಾರದಲ್ಲಿ ನಮ್ಮ ಕೇಳುಗರಲ್ಲಿ ಬಹುಪಾಲು ಮನೆಯಲ್ಲಿ ಕೊಂಕಣಿಯಾಡುವವರು; ಅವರೂ ಈ ಸಾಲುಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದರು.

ತಂಡ ನಿಂತದ್ದು ಜಗಳದಿಂದಲ್ಲ. ಮೂರನೆಯ ಕಾರ್ಯಕ್ರಮದಲ್ಲಿ ಸಂಘಟಕರು ಹಾಡಿನ ನಡುವೆಯೇ ಮೈಕು ಆರಿಸಿ ಸಿನಿಮಾ ಹಾಡು ಹೇಳುವಂತೆ ಸೂಚಿಸಿದರು. ನಾವು ಒಪ್ಪದೆ ಇಳಿದು ಬಂದೆವು. ಆ ನೋವು ನನಗೆ ಬಹಳ ಕಾಲ ಇತ್ತು. ಅಷ್ಟರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಬಂತು, ಸಿಇಟಿ ಬಂತು, ನಾಲ್ವರೂ ನಾಲ್ಕು ಊರುಗಳಿಗೆ ಹೋದೆವು.

ಗುಮಟೆಯವನು ಈಗ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕ. ಛಂದಸ್ಸಿನ ಪಾಠಕ್ಕೆ ಗುಮಟೆಯನ್ನು ತರಗತಿಗೇ ಒಯ್ಯುತ್ತಾನೆ. ಮಕ್ಕಳು ಮೊದಲು ಕೈತಟ್ಟಿ ಕೇಳುತ್ತಾರೆ, ಆಮೇಲೆ ಲಘು ಗುರುಗಳ ಗುರುತು ಹಾಕುತ್ತಾರೆ. ಒಮ್ಮೆ ಹಿಂದಿನ ಬೆಂಚಿನಲ್ಲಿ ಕುಳಿತು ಅವನ ಪಾಠ ಕೇಳಿದಾಗ ನನಗೆ ಸಂತೋಷದಿಂದ ಗಂಟಲು ಕಟ್ಟಿತು. ನೃತ್ಯ ಮಾಡುತ್ತಿದ್ದವನು ಮೀನಿನ ಗುಂಪನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟಿನಲ್ಲಿ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥನಾಗಿದ್ದಾನೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಕೇರಿಯ ಮಕ್ಕಳಿಗೆ ಬ್ರೇಕಿಂಗ್ ಹೇಳಿಕೊಡುತ್ತಾನೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಸ್ಪರ್ಧೆ ನಡೆದಾಗ ಅವರೆಲ್ಲರನ್ನೂ ಮನೆಗೆ ಕರೆದು ತೋರಿಸಿದನಂತೆ.

ನಾನು ಬೆಂಗಳೂರಿನಲ್ಲಿ ಡಬ್ಬಿಂಗ್ ಸಂಭಾಷಣೆ ಬರೆಯುತ್ತೇನೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ದೀರ್ಘಕಾಲ ಇದ್ದ ಅಡ್ಡಿಯ ವಿರುದ್ಧ 2015ರಲ್ಲಿ ಮಾರುಕಟ್ಟೆಯ ನ್ಯಾಯಯುತ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿದ ಮೇಲೆ ನಿಧಾನವಾಗಿ ತೆರೆದುಕೊಂಡ ವೃತ್ತಿ ಇದು. ಮೂಲದ ಮಾತು ಎಷ್ಟು ಪದಗಳದ್ದು ಎಂಬುದನ್ನು ನಾನು ಎಣಿಸುವುದಿಲ್ಲ. ನಟನ ಬಾಯಿ ಎಷ್ಟು ಮಾತ್ರೆಗಳ ಕಾಲ ಆಡುತ್ತದೆ, ಯಾವ ಮನೆಯಲ್ಲಿ ತುಟಿ ಮುಚ್ಚುತ್ತದೆ ಎಂಬುದನ್ನು ಗುರುತಿಸಿಕೊಳ್ಳುತ್ತೇನೆ. ತುಟಿ ಮುಚ್ಚುವಲ್ಲಿ ಪ, ಬ, ಮ ಬೀಳಲೇಬೇಕು. ಇಂಗ್ಲಿಷಿನ ಮಾತು ತುಟಿ ಮುಚ್ಚಿ ನಿಲ್ಲಬಹುದು, ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಆಗ ಕ್ರಿಯಾಪದವನ್ನು ಮುಂದೆ ತಂದು, ಕೊನೆಯಲ್ಲಿ ‘ನಮ್ಮಪ್ಪ’, ‘ತಮ್ಮ’ ಎಂಬಂಥ ಸಂಬೋಧನೆಯೊಂದನ್ನು ಇಟ್ಟು, ತುಟಿ ಮುಚ್ಚುವ ಗಳಿಗೆಗೆ ಆ ಒತ್ತಕ್ಷರವನ್ನು ಹೊಂದಿಸುತ್ತೇನೆ. ದೀರ್ಘವನ್ನು ನುಂಗುವ ಕಲಾವಿದರೊಂದಿಗೆ ಇಂದಿಗೂ ನಾನು ಹಟ ಹಿಡಿದು ವಾದಿಸುತ್ತೇನೆ.

ಬೀಟ್ ಕೂಡಿಸುತ್ತಿದ್ದವಳು ಧ್ವನಿಮಿಶ್ರಣದಲ್ಲಿ ಪಳಗಿದ್ದಾಳೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾವು ಕುಳಿತು ಬರೆಯುತ್ತಿದ್ದದ್ದು ಅದರ ಕೆಳಗೇ. ಸುದ್ದಿ ತಿಳಿದ ಬೆಳಿಗ್ಗೆ ಅವಳು ಹಳೆಯ ಮೆಮೊರಿ ಕಾರ್ಡನ್ನು ಹುಡುಕಿ ತೆಗೆದಳು. ಪ್ರತಿ ಮುದ್ರಣದ ಆರಂಭದಲ್ಲಿ ಗುರುತಿಗಾಗಿ ನಾವು ಒಂದು ಚಪ್ಪಾಳೆ ಹೊಡೆಯುತ್ತಿದ್ದೆವು. ಆ ಚಪ್ಪಾಳೆಯ ಹಿಂದೆ ಕಂಬಗಳಿಂದ ಮರಳಿದ ಅನುರಣನವನ್ನು ಬೇರ್ಪಡಿಸಿಕೊಂಡರೆ, ಯಾವ ಧ್ವನಿಗಾದರೂ ಅದೇ ಜಾಗದ ಗುಂಗನ್ನು ಕಂಪ್ಯೂಟರಿನಲ್ಲಿ ತೊಡಿಸಬಹುದು. ಕಳೆದ ಬಾರಿ ನಾವು ಸೇರಿದಾಗ ಗುಮಟೆಯವನ ವಿದ್ಯಾರ್ಥಿಗಳು ಬಾರಿಸಿದ ನುಡಿತಕ್ಕೆ ಅವಳು ಅದನ್ನು ತೊಡಿಸಿ ಕೇಳಿಸಿದಳು. ಎರಡನೆಯ ಆವರ್ತಕ್ಕೆ ತಾಂಡೇಲ ಕಾಲು ಕುಟ್ಟತೊಡಗಿದ, ನಾನು ಬಿಟ್ಟುಹೋಗಿದ್ದ ನಾಲ್ಕನೆಯ ಸಾಲನ್ನು ನೆನಪಿಸಿಕೊಳ್ಳುತ್ತಿದ್ದೆ.