ಸೇರಿದವರಲ್ಲಿ ಪದವಿ ಪಡೆದವರೆಷ್ಟು: ಕಾಲೇಜು ತಾನೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುವ ಬಗೆ

ಕರ್ನಾಟಕದ ಯಾವುದೇ ಪದವಿ ಕಾಲೇಜಿನಲ್ಲಿ ಫಲಿತಾಂಶ ಎಷ್ಟೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಅಂತಿಮ ವರ್ಷದ ಶೇಕಡಾವಾರು ಫಲಿತಾಂಶ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್ ಕಾಲೇಜುಗಳಿಂದ ಕೇಳುತ್ತ ಬಂದಿರುವುದೂ ಅದನ್ನೇ: ಅಂತಿಮ ವರ್ಷದ ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾದವರೆಷ್ಟು. ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಬರುವುದನ್ನು ನಿಲ್ಲಿಸಿದ ಹುಡುಗಿ, ಎರಡನೇ ವರ್ಷದ ಶುಲ್ಕ ಹೊಂದಿಸಲಾಗದೆ ಊರಲ್ಲೇ ಉಳಿದ ಹುಡುಗ ಈ ಲೆಕ್ಕದಲ್ಲಿ ತೇರ್ಗಡೆಯಾದವರ ಸಾಲಿನಲ್ಲೂ ಇಲ್ಲ, ಅನುತ್ತೀರ್ಣರ ಸಾಲಿನಲ್ಲೂ ಇಲ್ಲ. ಅವರನ್ನು ಎಣಿಸದೆ ಉಳಿಸಿಕೊಳ್ಳುವುದು ಸಾಧ್ಯವಿಲ್ಲ. ಆದ್ದರಿಂದ ಪ್ರಾಂಶುಪಾಲರು, ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಕೋಶ) ಸಂಚಾಲಕರು ಮತ್ತು ವಿದ್ಯಾರ್ಥಿಗಳ ಒಂದೊಂದು ಗುಂಪನ್ನು ನೋಡಿಕೊಳ್ಳುವ ಮೆಂಟರ್ ಅಧ್ಯಾಪಕರು ಮೊದಲು ಮಾಡಬೇಕಾದ ಕೆಲಸ, ಒಳಗೆ ಬಂದ ದಿನದಿಂದ ಹೆಸರು ಹಿಡಿದು ಲೆಕ್ಕ ಇಡುವುದು.

ಪ್ರಥಮ ವರ್ಷದ ದಾಖಲಾತಿಯ ಕೊನೆಯ ದಿನಾಂಕ ಮುಗಿದ ಕೂಡಲೇ ರಾಜ್ಯದ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿರುವ ಪಟ್ಟಿಯನ್ನು ತೆಗೆದು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಇಟ್ಟುಕೊಳ್ಳಿ. ಆ ಪಟ್ಟಿಯೇ ಬ್ಯಾಚ್, ಮುಂದೆ ಅದಕ್ಕೆ ಯಾರನ್ನೂ ಸೇರಿಸಬಾರದು, ಅದರಿಂದ ಯಾರನ್ನೂ ಅಳಿಸಬಾರದು. ಎರಡನೇ ವರ್ಷಕ್ಕೆ ಬೇರೆ ಕಾಲೇಜಿನಿಂದ ಬಂದವರಿಗೆ ಪ್ರತ್ಯೇಕ ಹಾಳೆ ಇರಲಿ, ಇಲ್ಲವಾದರೆ ಹೋದವರ ಜಾಗವನ್ನು ಬಂದವರು ತುಂಬಿ ನಷ್ಟವೇ ಕಾಣದಂತಾಗುತ್ತದೆ. ಪ್ರತಿ ಹೆಸರಿನ ಮುಂದೆ ಪಿಯುಸಿಯಲ್ಲಿ ಓದಿದ ವಿಭಾಗ, ಓದಿದ ಮಾಧ್ಯಮ, ಊರು, ಬಸ್ಸಿನ ಸೌಕರ್ಯ, ಹಾಸ್ಟೆಲ್ ಇದೆಯೇ ಇಲ್ಲವೇ, ಮನೆಯಲ್ಲಿ ಪದವಿಗೆ ಬಂದ ಮೊದಲಿಗರೇ, ಪೋಷಕರದ್ದಲ್ಲದೆ ಇನ್ನೊಬ್ಬರ ದೂರವಾಣಿ ಸಂಖ್ಯೆ, ಆಮೇಲೆ ಆರು ಸೆಮಿಸ್ಟರುಗಳಿಗೆ ಆರು ಕಲಂ ಇರಲಿ. ಎರಡನೆಯ ಸಂಖ್ಯೆಯನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ರೀಚಾರ್ಜ್ ಇಲ್ಲದೆ ಮೊದಲು ನಿಂತುಹೋಗುವುದು ವಿದ್ಯಾರ್ಥಿಯ ಫೋನೇ. ಈ ಹಾಳೆಯಲ್ಲಿ ಮನೆಯ ಕಷ್ಟಗಳೆಲ್ಲ ದಾಖಲಾಗುವುದರಿಂದ ಅದು ಮೂರು ನಾಲ್ಕು ಮಂದಿ ಜವಾಬ್ದಾರರ ಕೈಯಲ್ಲಿ ಮಾತ್ರ ಇರಬೇಕು, ಸ್ಟಾಫ್ ರೂಮಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು.

ಈಗ ಲೆಕ್ಕ. ಬಿ.ಕಾಂ.ಗೆ 120 ಮಂದಿ ಸೇರಿದರೆಂದು ಇಟ್ಟುಕೊಳ್ಳೋಣ. ಮೂರನೇ ಸೆಮಿಸ್ಟರಿಗೆ ನೋಂದಾಯಿಸಿ ತರಗತಿಗೆ ಬರುತ್ತಿರುವವರು 96 ಆದರೆ ಮುಂದುವರಿದವರ ಪ್ರಮಾಣ ಶೇ. 80. ಆ ಬ್ಯಾಚಿನಲ್ಲಿ 80 ಮಂದಿ ಅಂತಿಮ ಪರೀಕ್ಷೆ ಬರೆದು 68 ಮಂದಿ ತೇರ್ಗಡೆಯಾದರೆ ಪ್ರಕಟವಾಗುವ ಫಲಿತಾಂಶ ಶೇ. 85, ಆದರೆ ಸೇರಿದ 120ರಲ್ಲಿ ಮೂರು ವರ್ಷಕ್ಕೆ ಪದವಿ ಪಡೆದವರು ಶೇ. 56.7 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವೇ ಕಾಲೇಜು ನೋಡಬೇಕಾದ ಜಾಗ. ಉಳಿದವರಲ್ಲಿ 9 ಮಂದಿ ಬ್ಯಾಕ್‌ಲಾಗ್ (ತೇರ್ಗಡೆಯಾಗದೆ ಉಳಿದ) ವಿಷಯಗಳನ್ನು ಮುಂದಿನ ಒಂದೂವರೆ ವರ್ಷದಲ್ಲಿ ಮುಗಿಸಿದರೆ ಪ್ರಮಾಣ ಶೇ. 64.2ಕ್ಕೆ ಏರುತ್ತದೆ. ಮೂರು ವರ್ಷದ ಪದವಿಗೆ ನಾಲ್ಕೂವರೆ ವರ್ಷ ಕೊಡುವ ಈ ಒಂದೂವರೆ ಪಟ್ಟು ಅವಧಿಯ ಅಳತೆ ಅಮೆರಿಕದಲ್ಲಿ ಬಳಕೆಯಲ್ಲಿದೆ. ಫೆಡರಲ್ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ನಿಗದಿತ ಅವಧಿಯ ಒಂದೂವರೆ ಪಟ್ಟು ಕಾಲದೊಳಗೆ ಪದವಿ ಪಡೆದವರ ಪ್ರಮಾಣವನ್ನು ತಿಳಿಸಬೇಕೆಂದು ಅಲ್ಲಿ 1990ರಲ್ಲಿ ಕಾನೂನಾಯಿತು. ಬೇರೆ ಕಾಲೇಜಿಗೆ ಹೋದವರನ್ನು ಆ ಲೆಕ್ಕದ ಒಟ್ಟು ಸಂಖ್ಯೆಯಿಂದ ಕಳೆಯಲು ಅಲ್ಲಿ ಬಿಡುವುದಿಲ್ಲ, ತೋರಿಸುವುದಾದರೆ ಪ್ರತ್ಯೇಕವಾಗಿ ತೋರಿಸುತ್ತಾರೆ. ನಾವೂ ಹಾಗೆಯೇ ಮಾಡುವುದು ಒಳ್ಳೆಯದು. ಸಿಇಟಿಯ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕಿ ಟಿ.ಸಿ. ಪಡೆದವರು ಆ 120ರಲ್ಲಿ 6 ಮಂದಿ ಇದ್ದರೆ, "ಬೇರೆಡೆ ಓದುತ್ತಿರುವವರು ಶೇ. 5" ಎಂಬ ಸಾಲು ಪಕ್ಕದಲ್ಲಿರಲಿ. ಟಿ.ಸಿ. ಪಡೆದವರೆಲ್ಲ ಬೇರೆ ಕಡೆ ಸೇರಿದ್ದಾರೆಂದು ಮಾತ್ರ ನಂಬಬೇಡಿ, ಕೇಳಿ ಖಚಿತಪಡಿಸಿಕೊಳ್ಳಿ.

2021-22ರಿಂದ 2023-24ರವರೆಗೆ ಸೇರಿದ ಬ್ಯಾಚುಗಳು ನಾಲ್ಕನೇ ವರ್ಷದ ಆನರ್ಸ್‌ಗೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದವು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೋಲಿಕೆಗಾಗಿ ಎಲ್ಲ ಬ್ಯಾಚುಗಳನ್ನೂ ಆರು ಸೆಮಿಸ್ಟರಿಗೇ ಅಳೆಯಿರಿ, ನಾಲ್ಕನೇ ವರ್ಷದ ಆನರ್ಸ್ ಬೇರೆಯಾಗಿರಲಿ.

ಒಟ್ಟು ಅಂಕಿ ಸಿಕ್ಕ ಮೇಲೆ ಅದನ್ನು ಒಡೆದು ನೋಡಬೇಕು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿ.ಎಸ್‌ಸಿ., ಬಿ.ಸಿ.ಎ.ಗೆ ಬಂದವರು, ದಿನವೂ ಎರಡು ಬಸ್ಸು ಬದಲಿಸಿ ಬರುವವರು, ತಡವಾಗಿ ದಾಖಲಾದವರು, ಕೇಳಿದ ಕಾಂಬಿನೇಷನ್ ಸಿಗದೆ ಬೇರೆಯದಕ್ಕೆ ಸೇರಿದವರು: ಈ ಗುಂಪುಗಳನ್ನು ಒಂದೊಂದಾಗಿ ತೆಗೆದು, ಎಷ್ಟನೇ ಸೆಮಿಸ್ಟರಿನಲ್ಲಿ ಕೈಬಿಟ್ಟರೆಂದು ಗುರುತಿಸಿ. ಗುಂಪು ತೀರ ಚಿಕ್ಕದಾಗಿದ್ದರೆ ಒಂದು ವರ್ಷದ ಏರಿಳಿತದಿಂದ ತೀರ್ಮಾನಕ್ಕೆ ಬರದೆ ಎರಡು ಮೂರು ಬ್ಯಾಚುಗಳನ್ನು ಕೂಡಿಸಿ ನೋಡಿ.

ನಷ್ಟ ಎಲ್ಲಿ ಆಗುತ್ತಿದೆ ಎಂದು ತಿಳಿದರೂ, ಬಿಟ್ಟುಹೋದ ಮೇಲೆ ಕರೆತರುವುದು ಕಷ್ಟ. ಆದ್ದರಿಂದ ಹೆಚ್ಚಿನ ಶ್ರಮವನ್ನು ಮೊದಲ ಸೆಮಿಸ್ಟರಿನಲ್ಲೇ ಹಾಕಬೇಕು. ಶೇ. 75ರ ಹಾಜರಾತಿ ಇಲ್ಲದವರ ಪಟ್ಟಿಯನ್ನು ಸೆಮಿಸ್ಟರಿನ ಕೊನೆಯಲ್ಲಿ ಸೂಚನಾ ಫಲಕಕ್ಕೆ ಅಂಟಿಸುವುದು ಎಚ್ಚರಿಕೆಯಲ್ಲ, ತೀರ್ಪು. ಅಷ್ಟರಲ್ಲಿ ಆ ಹುಡುಗ ಯಾವುದೋ ಗೋದಾಮಿನ ಕೆಲಸದಲ್ಲಿರುತ್ತಾನೆ. ಸತತ ಐದು ದಿನ ಕಾಣದವರ ಹೆಸರು ವಾರದ ಕೊನೆಗೆ ಮೆಂಟರ್ ಕೈ ಸೇರಬೇಕು. ಮೊದಲ ಆಂತರಿಕ ಪರೀಕ್ಷೆಗೆ ಬಾರದವರು, ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕದವರು, ಪರೀಕ್ಷಾ ಶುಲ್ಕದ ಗಡುವು ಹತ್ತಿರವಾದರೂ ಕಟ್ಟದವರು, ಈ ಮೂರು ಪಟ್ಟಿಗಳಲ್ಲೂ ಕಾಣುವ ಹೆಸರಿಗೆ ಅದೇ ದಿನ ಕರೆ ಮಾಡಬೇಕು.

ಆ ಕರೆಯಲ್ಲಿ ಏನು ಹೇಳುತ್ತೇವೆ ಎಂಬುದು ಬಹಳ ಮುಖ್ಯ. "ಹಾಜರಾತಿ ಇಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ" ಎಂದು ಶುರುಮಾಡಿದರೆ ಆ ಕಡೆಯವರು ಫೋನ್ ಇಡುತ್ತಾರೆ, ಮುಂದೆ ಎತ್ತುವುದೂ ಇಲ್ಲ. "ನಾಲ್ಕೈದು ದಿನದಿಂದ ಕಾಣಲಿಲ್ಲ, ಆರೋಗ್ಯವಾಗಿದ್ದೀಯಾ?" ಎಂದು ಕೇಳಿದರೆ ಕಾರಣ ತಾನಾಗಿ ಹೊರಬರುತ್ತದೆ: ತಂದೆಗೆ ಹುಷಾರಿಲ್ಲ, ಕೊಯ್ಲಿನ ಕೆಲಸ, ಇಂಗ್ಲಿಷಿನ ಪಾಠ ಅರ್ಥವಾಗುತ್ತಿಲ್ಲ, ಮದುವೆಗೆ ಗಂಡು ನೋಡುತ್ತಿದ್ದಾರೆ. ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ದಿನಾಂಕ ಸಹಿತ ಹಾಳೆಯಲ್ಲಿ ಬರೆಯಿರಿ. "ವೈಯಕ್ತಿಕ ಕಾರಣ" ಎಂದು ಬರೆದರೆ ಏನನ್ನೂ ಬರೆಯದಂತೆಯೇ.

ಕಾರಣಗಳಲ್ಲಿ ಕೆಲವನ್ನು ಕಾಲೇಜು ತನ್ನ ಕೈಯಿಂದಲೇ ನಿವಾರಿಸಬಹುದು. ಹಳ್ಳಿಯ ಬಸ್ಸು ಹತ್ತಕ್ಕೆ ತಲುಪುವುದಾದರೆ ಒಂಬತ್ತೂವರೆಯ ತರಗತಿಯನ್ನು ಜರುಗಿಸುವ ಅಧಿಕಾರ ವೇಳಾಪಟ್ಟಿ ಸಮಿತಿಗಿದೆ. ಜೊತೆಗೆ ವಿದ್ಯಾರ್ಥಿಗಳ ಸಂಖ್ಯೆ ಮತ್ತು ಊರುಗಳನ್ನು ನಮೂದಿಸಿ ಸಾರಿಗೆ ಡಿಪೊಗೆ ಪತ್ರ ಬರೆಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಪ್ರಯಾಣದ ಖರ್ಚು ಇಳಿದಿದೆ, ಬಸ್ಸೇ ಇಲ್ಲದ ಊರಿಗೆ ಅದರಿಂದ ಪ್ರಯೋಜನವಿಲ್ಲ. ವಿದ್ಯಾರ್ಥಿವೇತನ ಬಾರದಿದ್ದಾಗ ಬಹಳ ಸಲ ಅಡ್ಡಿಯಾಗಿರುವುದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು, ಇಲ್ಲವೇ ಅಂಕಪಟ್ಟಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿರುವುದು. ಪ್ರವೇಶದ ವಾರದಲ್ಲೇ ಒಬ್ಬ ಅಧ್ಯಾಪಕ ಮತ್ತು ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ಒಂದು ಮೇಜಿನ ಬಳಿ ಕೂರಿಸಿ ಇದನ್ನು ಪರಿಶೀಲಿಸಿದರೆ ಆಮೇಲಿನ ಅಲೆದಾಟ ತಪ್ಪುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ತಿಂಗಳ ಲೆಕ್ಕದಲ್ಲಿ ನೆರವಿದೆ ಎಂಬುದನ್ನೂ ಅಲ್ಲೇ ತಿಳಿಸಬಹುದು.

ಮಾಧ್ಯಮದ ತೊಡಕು ಇನ್ನೂ ಆಳವಾದದ್ದು. ಪಿಯುಸಿಯಲ್ಲಿ ಚೆನ್ನಾಗಿ ಅಂಕ ಪಡೆದವರು ಮೊದಲ ತಿಂಗಳಲ್ಲೇ ತಾವು ದಡ್ಡರೆಂದು ನಂಬಿಬಿಡುತ್ತಾರೆ. ಮೊದಲ ನಾಲ್ಕು ವಾರ ಪ್ರತಿ ವಿಷಯದ ಮುಖ್ಯ ಪರಿಭಾಷೆಯನ್ನು ಎರಡೂ ಭಾಷೆಗಳಲ್ಲಿ ಬರೆಸಿ, ವಿವರಣೆಯನ್ನು ಕನ್ನಡದಲ್ಲಿ ಕೊಟ್ಟು, ಉತ್ತರ ಬರೆಯುವ ಅಭ್ಯಾಸವನ್ನು ವಾರಕ್ಕೊಂದರಂತೆ ಮಾಡಿಸಿ. ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಕನ್ನಡದಲ್ಲಿ ಉತ್ತರಿಸಲು ಅವಕಾಶವಿದ್ದರೆ ಅದನ್ನು ಮೊದಲ ದಿನವೇ ಹೇಳಬೇಕು. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ತರಗತಿಗಳು ಖಾಲಿ ಬಿದ್ದಿದ್ದರೆ ಮಾತ್ರ ಬೇರೆ ಯಾವ ಉಪಾಯವೂ ಫಲಿಸದು. ದೂರದಿಂದ ಬಂದು ಪಾಠವಿಲ್ಲದೆ ಹಿಂದಿರುಗಿದವರು ಮರುದಿನ ಬಾರದಿದ್ದರೆ ಅವರನ್ನು ದೂಷಿಸುವಂತಿಲ್ಲ.

ಒಂದನ್ನು ಮಾತ್ರ ಮಾಡಲೇಬಾರದು. ಅಂತಿಮ ವರ್ಷದ ಫಲಿತಾಂಶ ಚೆನ್ನಾಗಿ ಕಾಣಲೆಂದು ದುರ್ಬಲ ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ದೂರ ಇಡುವುದು ಅನ್ಯಾಯ. ಬ್ಯಾಚಿನ ಲೆಕ್ಕದಲ್ಲಿ ಅದು ತಕ್ಷಣ ನಷ್ಟವಾಗಿಯೇ ಕಾಣುತ್ತದೆ, ಈ ಲೆಕ್ಕವನ್ನು ನಾನು ಮೆಚ್ಚಲು ಅದೂ ಒಂದು ಕಾರಣ.

ಆರನೇ ಸೆಮಿಸ್ಟರ್ ಮುಗಿದ ಮೇಲೆ ಹಾಳೆಯನ್ನು ಮುಚ್ಚಬೇಡಿ. ಒಂದೆರಡು ವಿಷಯ ಉಳಿಸಿಕೊಂಡು ಹೋದವರೇ ಪದವಿಗೆ ಅತಿ ಹತ್ತಿರ ಇರುವವರು, ಆದರೆ ಪರೀಕ್ಷಾ ಅರ್ಜಿಯ ಸೂಚನೆ ಅವರಿಗೆ ತಲುಪುವುದೇ ಇಲ್ಲ. ಪ್ರತಿ ಅಧಿಸೂಚನೆ ಬಂದಾಗಲೂ ಅವರಿಗೆ ಕರೆ ಮಾಡಿ, ಹಳೆಯ ಪಠ್ಯಕ್ರಮದ ಪ್ರಶ್ನೆಪತ್ರಿಕೆಗಳನ್ನು ಕಳುಹಿಸಿ, ಕೆಲಸಕ್ಕೆ ಹೋಗುತ್ತಿರುವವರಿಗಾಗಿ ಭಾನುವಾರ ಎರಡು ಗಂಟೆಯ ಪಾಠ ಇಟ್ಟುಕೊಳ್ಳಿ. ಹಿಂದಿರುಗಲಾಗದಷ್ಟು ಮುಂಚೆ ಬಿಟ್ಟವರಿಗೆ ಮರುಪ್ರವೇಶದ ನಿಯಮವನ್ನೂ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ದಾರಿಯನ್ನೂ ತಿಳಿಸಿ, ಅವರು ಎಲ್ಲಿ ಸೇರಿದರೆಂದು ಅದೇ ಹೆಸರಿನ ಮುಂದೆ ಬರೆದಿಡಿ.